ರಕ್ಕಸ ಸತ್ತಾಗ ಬರುವ ನೀರು

“ಇವತ್ತು ನಿನ್ನ ಗಂಡ ಲಗೂನ ಎದ್ದುಬಿಟ್ಟ ನೋಡಕ್ಕಾ. ನನ್ನ ಎರಡನೇ ಕೊಡ ಅರ್ಧಕ್ಕ ನಿಂತೋತು.”

ಗಂಗವ್ವ ಹೀಗಂದಿದ್ದು ಜಗಳಕ್ಕಲ್ಲ. ಕರೆಂಟು ಹೋಯಿತು, ಹಾಲು ಒಡೆಯಿತು ಅಂದ ಹಾಗೆ ಅಂದಳು. ಅರ್ಧ ಕೊಡ ಕುಲುಕಾಡುವ ಸದ್ದು ಎದುರು ಮನೆಯ ಹುಲಿಗೆಮ್ಮನಿಗೆ ಕೇಳಲಿ ಅಂತ ಒಂಚೂರು ಜೋರಾಗಿ ಹೆಜ್ಜೆ ಹಾಕಿದಳು, ಅಷ್ಟೇ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಹುಲಿಗೆಮ್ಮ ಮಾತ್ರ ಹಾಗೇ ಜಾರಿ ಹೊಸ್ತಿಲ ಮೇಲೆ ಕುಂತಳು. ಗಂಡ ಎದ್ದನಲ್ಲ ಎಂಬ ಸಮಾಧಾನ ಅವಳಿಗೆ.

ಕರಿಕೆರೆ ಊರಿನ ಕೆಳಗೇರಿಯಲ್ಲಿ ಇದು ದಿನದ ಮಾತು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಲಿಗೆಮ್ಮನ ಗಂಡ ಉಜ್ಜಿನಪ್ಪ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲಿನ ಕಂಟ್ರೋಲ್ ರೂಮಿಗೆ ಹೋಗಿ ಸಾಯುತ್ತಾನೆ. ಸತ್ತಷ್ಟು ಹೊತ್ತು ನಲ್ಲಿಯಲ್ಲಿ ನೀರು. ಆತ ಉಸಿರೆಳೆದುಕೊಂಡು ಎದ್ದು ಕೂತನೋ, ನೀರು ನಿಂತಿತು. ಸುಧಾರಿಸಿಕೊಂಡು ಮತ್ತೊಮ್ಮೆ ಸತ್ತರೆ ಮತ್ತೊಂದಿಷ್ಟು. ನೀರು ನಿಂತರೆ ಊರಿಗೆಲ್ಲ ಬೇಸರ. ಹುಲಿಗೆಮ್ಮನಿಗೊಬ್ಬಳಿಗೆ ಹೋದ ಜೀವ ಬಂದ ಹಾಗೆ.

ಉಜ್ಜಿನಪ್ಪ ಬಯಲಾಟದವನು. ರಾಕ್ಷಸ ಪಾತ್ರ ಅಂದರೆ ಅವನೇ. ಆತ ಆಟದ ಅಟ್ಟ ಹತ್ತಿ ಒಂದು ಸಲ ಘರ್ಜಿಸಿದರೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ ಹೋಗುತ್ತಿದ್ದವು. ಆದರೆ ಜನ ಬರುತ್ತಿದ್ದುದು ಘರ್ಜನೆಗಲ್ಲ, ಸಾವಿಗೆ. ಬೇರೆ ಮೇಳದವರು ಬಿದ್ದು, ಕಾಲು ಝಾಡಿಸಿ, ಕಣ್ಣು ಮುಚ್ಚುತ್ತಿದ್ದರು. ಉಜ್ಜಿನಪ್ಪನ ಗುರುವಿನ ಮೇಳದಲ್ಲಿ ಹಾಗಿಲ್ಲ. ಅಲ್ಲಿ ರಾಕ್ಷಸ ಸತ್ತನೆಂದರೆ ಉಸಿರು ನಿಲ್ಲಬೇಕು. ಊರಿನ ಹಿರಿಯರೊಬ್ಬರು ಅಟ್ಟ ಹತ್ತಿ, ಮೂಗಿನ ಮುಂದೆ ಹತ್ತಿಯ ಅರಳಿ ಹಿಡಿದು ನೋಡುತ್ತಿದ್ದರು. ಅರಳಿ ಅಲುಗಿದರೆ ಮೇಳಕ್ಕೆ ಅವಮಾನ. ಉಜ್ಜಿನಪ್ಪನ ಕಾಲಕ್ಕೆ ಅರಳಿ ಒಮ್ಮೆಯೂ ಅಲುಗಲಿಲ್ಲ. ಎದೆಯ ಬಡಿತವನ್ನೂ ಇಳಿಸಿಕೊಳ್ಳುವ ಅಭ್ಯಾಸ ಅವನಿಗಿತ್ತು. ಹೇಗೆ ಅಂತ ಕೇಳಿದರೆ, “ಬಾವಿಗೆ ಕೊಡ ಬಿಟ್ಟಂಗ, ನಿಧಾನ ಬಿಡಬೇಕು” ಅಂತಿದ್ದ.

ಬಯಲಾಟಕ್ಕೆ ಜನ ಕಮ್ಮಿಯಾದ ಮೇಲೆ ಉಜ್ಜಿನಪ್ಪ ಕೆರೆಯ ಮೂಲೆಯ ಮಕ್ಕಳ ಪಾರ್ಕಿಗೆ ಸೇರಿದ. ಆಗ ಜಲಕಂಟಕ ಎಂಬ ಚಿತ್ರಕಥೆ ಪುಸ್ತಕ ವಾರಕ್ಕೊಂದರಂತೆ ಬರುತ್ತಿತ್ತು. ಜಲಕಂಟಕನೆಂದರೆ ನೀರನ್ನು ಬೆರಳಲ್ಲಿ ಕುಣಿಸುವ ಖಳನಾಯಕ, ಊರುಗಳ ಬಾಯಾರಿಸಿ ನಗುವವನು. ಪ್ರತಿ ವಾರ ಸಾಯುವನು, ಮುಂದಿನ ವಾರ ಏನೂ ಆಗಿಲ್ಲವೆಂಬಂತೆ ಮೊದಲ ಪುಟದಲ್ಲೇ ನಿಂತಿರುವನು. ಆ ಪುಸ್ತಕವನ್ನು ಆಟ ಮಾಡಿ ತೋರಿಸಬೇಕೆಂದು ಪಾರ್ಕಿನವರಿಗೆ ಆಸೆ. ಅದಕ್ಕಾಗಿ ಫರ್ಜಾನಾ ಎಂಬ ಇಂಜಿನಿಯರ್ ಹುಡುಗಿ ಒಂದು ಯಂತ್ರ ಕಟ್ಟಿದ್ದಳು.

ಯಂತ್ರದ ಗುಟ್ಟನ್ನು ಅವಳು ಹುಲಿಗೆಮ್ಮನಿಗೆ ಒಮ್ಮೆ ಅಕ್ಕಿ ಆರಿಸುತ್ತಾ ಹೇಳಿದ್ದಳು. ನೀರಿನ ಒಂದೊಂದು ಕಣಕ್ಕೂ ತಲೆ ಬಾಲ ಅಂತ ಇರುತ್ತದೆ, ಸಾಮಾನ್ಯವಾಗಿ ಅವು ಸಂತೆಯ ಜನರ ಹಾಗೆ ಎತ್ತೆತ್ತಲೋ ನೋಡುತ್ತಿರುತ್ತವೆ. ಕೆರೆಯ ತಳದಲ್ಲಿ ನೆಟ್ಟ ಕಂಬಗಳು ಅವೆಲ್ಲ ಒಂದೇ ಕಡೆ ಮುಖ ಮಾಡುವಂತೆ ಮಾಡುತ್ತವೆ. ಆಗ ನೀರು ಒಬ್ಬನ ಮಾತು ಕೇಳುವ ಪಡೆಯಾಗುತ್ತದೆ. ಯಾರ ಮಾತು ಅಂದರೆ, ಕವಚ ತೊಟ್ಟವನ ಮಾತು. ಕವಚ ಅವನ ತೋಳು, ಉಸಿರು, ಎದೆಬಡಿತ ಎಲ್ಲವನ್ನೂ ಓದಿ ಯಂತ್ರಕ್ಕೆ ಹೇಳುತ್ತದೆ. ಯಾವ ಚಲನೆಗೆ ನೀರು ಏನು ಮಾಡಬೇಕೆಂದು ಯಂತ್ರಕ್ಕೆ ಮೊದಲು ಕಲಿಸಬೇಕು, ಮಗುವಿಗೆ ಕಲಿಸಿದ ಹಾಗೆ.

ಎಡವಟ್ಟಾಗಿದ್ದು ಆ ಕಲಿಸುವಾಗಲೇ. ಫರ್ಜಾನಾ ಕೇಳಿದ್ದು ಸರಳ: ನೀರು ಹಿಡಿಯುವ ಕೈ ಒಂದು ಮಾಡಿರಿ, ಬಿಡುವ ಕೈ ಒಂದು ಮಾಡಿರಿ, ಬಿಡಿಬಿಡಿಯಾಗಿ. ಹಿಡಿಯುವ ಕೈ ಉಜ್ಜಿನಪ್ಪ ಸೊಗಸಾಗಿ ಮಾಡಿದ. ಬಿಡುವ ಕೈಗೆ ಮಾತ್ರ ಒಪ್ಪಲಿಲ್ಲ.

“ರಕ್ಕಸ ತಾನಾಗಿ ಬಿಟ್ಟಾನೇನವಾ? ನಮ್ಮ ಮ್ಯಾಳದಾಗ ಅಂಥಾ ಪದ್ಧತಿ ಇಲ್ಲ.”

ಬಣ್ಣ ಹಚ್ಚಿದ ಮೇಲೆ ಸಾವಿನ ತನಕ ಆಡಲೇಬೇಕು, ನಡುವೆ ನಿಲ್ಲಿಸಿ ಬಣ್ಣ ಅಳಿಸಬಾರದು ಎಂದು ಅವನ ಗುರು ಹೇಳಿದ್ದನಂತೆ. ಹಾಗಾಗಿ ಕಲಿಸುವ ದಿನಗಳಲ್ಲೆಲ್ಲ ಆತ ಬಣ್ಣ ಹಚ್ಚಿ, ಘರ್ಜಿಸಿ, ನೀರೆತ್ತಿ, ಕೊನೆಗೆ ಬಿದ್ದು ಸಾಯುತ್ತಿದ್ದ. ನಿಜಕ್ಕೂ ಉಸಿರು ಕಟ್ಟಿ, ಎದೆಬಡಿತ ಇಳಿಸಿ. ಅಲ್ಲಿ ಕುಳಿತ ಯಾರಿಗೂ ಅರಳಿಯ ಕಥೆ ಗೊತ್ತಿರಲಿಲ್ಲ. ಆತ ಬಿದ್ದಾಗ ಫರ್ಜಾನಾ ನೀರನ್ನು ಮೆಲ್ಲಗೆ ಇಳಿಸುತ್ತಿದ್ದಳು, ಆಟದ ಹೊತ್ತಿಗೆ ಪಾರ್ಕಿನ ಕೊಳದಲ್ಲಿ ಮಕ್ಕಳಿರುತ್ತಾರಲ್ಲ. ಯಂತ್ರ ಕಲಿತದ್ದು ಇಷ್ಟು: ಈ ಮನುಷ್ಯನ ಉಸಿರು ನಿಂತು ಎದೆ ಇಳಿದರೆ ನೀರು ಬಿಡಬೇಕು, ಹುಷಾರಾಗಿ. ಎದೆ ಮತ್ತೆ ಏರಿದರೆ ಹಿಡಿಯಬೇಕು. ಆಟ ಚೆನ್ನಾಗಿ ನಡೆದಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಚಿತ್ರ ಬರೆಯುವವನು ಬಂದು ನೋಡಿಕೊಂಡು ಹೋಗಿ, ಮುಂದಿನ ಪುಸ್ತಕದಲ್ಲಿ ಜಲಕಂಟಕನಿಗೆ ಉಜ್ಜಿನಪ್ಪನ ಮೂಗನ್ನೇ ಇಟ್ಟ. ಹುಲಿಗೆಮ್ಮ ಆ ಪುಟ ನೋಡಿ, ಮೂಗು ನಿಮ್ಮದೇ, ಅವನಂಥಾ ಅರಮನಿ ಯಾವಾಗ ಕಟ್ಟಸ್ತೀರಿ ಅಂತ ಕೇಳಿದ್ದಳು.

ಆಮೇಲೆ ಆ ಮಳೆ ಬಂತು. ಅವತ್ತು ಆಟ ರದ್ದಾಗಿತ್ತು. ಉಜ್ಜಿನಪ್ಪ ಅಷ್ಟರಲ್ಲಾಗಲೇ ಬಣ್ಣ ಹಚ್ಚಿಕೊಂಡಿದ್ದರಿಂದ ಅಳಿಸಲಿಕ್ಕೆ ಮನಸ್ಸಾಗದೆ ಕವಚ ತೊಟ್ಟೇ ಕೂತಿದ್ದ. ಕೆರೆ ಏರಿ ಬಿರುಕು ಬಿಟ್ಟು, ನೋಡನೋಡುತ್ತಾ ಬಾಯಿ ತೆರೆಯಿತು. ಕೆಳಗೆ ಕೆಳಗೇರಿ. ಅವನ ಮನೆ, ಗಂಗವ್ವನ ಮನೆ, ಎಲ್ಲರ ಮನೆ. ಆತ ಮಳೆಯಲ್ಲೇ ಓಡಿ ಏರಿ ಹತ್ತಿ ಎರಡೂ ಕೈ ಚಾಚಿ ಘರ್ಜಿಸಿದ. ಫರ್ಜಾನಾ ಯಂತ್ರದ ಬಲವನ್ನು ಇದ್ದಷ್ಟೂ ಏರಿಸಿದಳು. ಒಡೆದ ಜಾಗದಲ್ಲಿ ನೀರು ಗೋಡೆಯ ಹಾಗೆ ನಿಂತುಬಿಟ್ಟಿತು. ಕೆರೆಗೆ ಕೆರೆಯೇ ಹಿಡಿತಕ್ಕೆ ಸಿಕ್ಕಿತ್ತು.

ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮಾರನೆಯ ದಿನ ನಲ್ಲಿ ತಿರುಗಿಸಿದರೆ ನೀರಿಲ್ಲ. ಕೆರೆಯೆಲ್ಲ ಹಿಡಿತದಲ್ಲಿದ್ದರೆ ತೂಬಿಗಾದರೂ ಎಲ್ಲಿಂದ ಬರಬೇಕು? ಬಿಡುವುದಕ್ಕೆ ಇದ್ದದ್ದು ಒಂದೇ ದಾರಿ. ಉಜ್ಜಿನಪ್ಪ ಕವಚ ತೊಟ್ಟು, ಘರ್ಜಿಸಿ, ಬಿದ್ದು ಸತ್ತ. ಕಲಿತ ಹಾಗೇ ಯಂತ್ರ ಹುಷಾರಾಗಿ, ಒಡೆದ ಜಾಗವನ್ನು ಹಿಡಿದುಕೊಂಡೇ ತೂಬಿನ ಕಡೆ ಮೆಲ್ಲಗೆ ಬಿಟ್ಟಿತು. ನೀರು ಬಂತು.

ಅದಾಗಿ ಮೂರು ವರ್ಷ. ಮೊದಮೊದಲು ನೀರು ಹಿಡಿಯುವಾಗ ಹೆಂಗಸರು ಏರಿಯ ಕಡೆ ತಿರುಗಿ ಕೈ ಮುಗಿಯುತ್ತಿದ್ದರು. ಆಮೇಲೆ ಮುಗಿಯುವುದು ಬಿಟ್ಟರು, ಕೈಯಲ್ಲಿ ಕೊಡ ಇರುತ್ತದಲ್ಲ. ಆಮೇಲೆ ಒಂದು ಬೇಸಿಗೆಯಲ್ಲಿ ಉಜ್ಜಿನಪ್ಪನಿಗೆ ಜ್ವರ ಬಂದು ಎರಡು ದಿನ ಸಾಯಲಾಗಲಿಲ್ಲ. ಆಗ ಮೊದಲ ಸಲ ಯಾರೋ ಅಂದರು, ಜಲಕಂಟಕ ನೀರು ಹಿಡಿದಿಟ್ಟಾನ ಅಂತ. ಒಡೆದ ಏರಿ ಮೇಲಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಒಣಗಿದ ನಲ್ಲಿ ಮನೆ ಮುಂದೆಯೇ ಇತ್ತು. ಮಕ್ಕಳ ಪುಸ್ತಕದ ಹೆಸರು ದೊಡ್ಡವರ ಬಾಯಿಗೆ ಬಂದು ಅಲ್ಲೇ ಉಳಿಯಿತು. ಹುಲಿಗೆಮ್ಮ ಅಂಗಡಿಗೆ ಹೋದರೆ ಜಲಕಂಟಕನ ಹೆಂಡ್ತಿ ಬಂದಳು, ಸಕ್ಕರೆ ಸರಿಯಾಗಿ ತೂಗಪ್ಪಾ ಅನ್ನುವರು. ಅವಳೂ ಮೊದಲು ನಕ್ಕಳು. ಒಂದು ಬೆಳಿಗ್ಗೆ ಬಾಗಿಲಿಗೆ ಸಗಣಿ ಎರಚಿದ್ದು ಕಂಡ ಮೇಲೆ ನಗಲಿಲ್ಲ. ತೊಳೆಯುವುದಕ್ಕೆ ನೀರು ಬೇಕಿತ್ತು, ಆತ ಸಾಯುವ ತನಕ ಕಾಯಬೇಕಾಯಿತು.

ಆ ದಿನ ಅವಳು ಫರ್ಜಾನಾಳನ್ನು ಮನೆಗೆ ಕರೆಸಿ ಕೂರಿಸಿ ಕೇಳಿದಳು. “ನೀ ಕಲಿಸಿದ ಮಿಷಿನ್ನು. ನೀನೇ ಮರೆಸು ಮಗಳಾ. ಹೊಸದು ಕಲಿಸು.”

“ಮರೆಸಬೇಕಂದ್ರ ಒಂದು ಗಳಿಗೆ ಅದು ಕೈಯಾಗಿನ ನೀರು ಕೆಳಗಿಡಬೇಕಮ್ಮಾ.” ಫರ್ಜಾನಾ ಚಹಾದ ಲೋಟ ತಿರುಗಿಸುತ್ತಾ ಕೂತಳು. “ಇಡಾಕ ಜಾಗ ಎಲ್ಲೈತಿ? ಕೆಳಗ ನೀವದೀರಿ.”

ಕರೆಂಟು ತೆಗೆದರೂ ಅದೇ, ಗೋಡೆ ಬಿದ್ದು ಕೆಳಗೇರಿ ಮುಳುಗುತ್ತದೆ. ಏರಿ ಕಟ್ಟಬೇಕೆಂದರೆ ನೀರು ಖಾಲಿಯಾಗಬೇಕು, ನೀರು ಖಾಲಿಯಾಗಬೇಕೆಂದರೆ ಉಜ್ಜಿನಪ್ಪ ಸಾಯಬೇಕು. ಆತ ಸತ್ತಷ್ಟು ಹೊತ್ತಲ್ಲಿ ಹೋಗುವ ನೀರಿಗಿಂತ ಒಂದು ಮಳೆಗಾಲಕ್ಕೆ ಬಂದು ಸೇರುವುದೇ ಜಾಸ್ತಿ. ಕೆಳಗೇರಿಯವರನ್ನು ಒಮ್ಮೆ ಶಾಲೆಯ ಕೋಣೆಗಳಿಗೆ ಸಾಗಿಸಿದ್ದರು. ಶಾಲೆ ಶುರುವಾದ ಕೂಡಲೇ ಎಬ್ಬಿಸಿದರು. ಊರಾಚೆ ತಗಡಿನ ಶೆಡ್ಡು ಹಾಕಿಕೊಟ್ಟರು, ಅಲ್ಲಿ ಮಕ್ಕಳಿಗೆ ಬೊಕ್ಕೆ ಎದ್ದವು. ಒಬ್ಬೊಬ್ಬರಾಗಿ ಗಂಟುಮೂಟೆ ಹೊತ್ತು ವಾಪಸ್ಸು ಬಂದು, ತಲೆ ಮೇಲೆ ನಿಂತ ಕೆರೆಯ ಕೆಳಗೆ ಒಲೆ ಹಚ್ಚಿದರು. ಮನುಷ್ಯರು ಎಂಥದಕ್ಕೂ ಹೊಂದಿಕೊಳ್ಳುತ್ತಾರೆ. ಒಲೆ ಹಚ್ಚಲಿಕ್ಕೆ ಒಂದು ಜಾಗ ಬೇಕು, ಅಷ್ಟೇ.

ಡಾಕ್ಟರು ಉಜ್ಜಿನಪ್ಪನನ್ನು ನೋಡಿ ಹೇಳಿದ್ದು ಬೇರೆ. ಎದೆ ಊದಿಕೊಂಡಿದೆ. ಬಡಿತ ಮೊದಲು ಇಳಿಸಿದರೆ ತಾನಾಗಿ ಏರುತ್ತಿತ್ತು, ಈಗ ಏರಲಿಕ್ಕೆ ಹಟ ಮಾಡುತ್ತಿದೆ. ಔಷಧಿ ಕೊಟ್ಟು ಇಳಿಸಿ ನೋಡಿದರು, ಯಂತ್ರ ನಂಬಲಿಲ್ಲ. ಅದಕ್ಕೆ ಘರ್ಜನೆಯಿಂದ ಹಿಡಿದು ಬೀಳುವ ತನಕ ಎಲ್ಲ ಬೇಕು, ಅವನೇ ಬೇಕು. ಉಜ್ಜಿನಪ್ಪ ಅದಕ್ಕೂ ಒಂದು ನಮೂನೆ ಹೆಮ್ಮೆಪಟ್ಟ. ಪ್ರೇಕ್ಷಕ ಅಂದ್ರ ಹಿಂಗಿರಬೇಕು ನೋಡು, ಮೋಸ ಹೋಗಂಗಿಲ್ಲ ಅಂದ. 

ಮೂರನೇ ಮಳೆಗಾಲ ಹತ್ತಿರ ಬಂದಾಗ ನೀರಿನ ಗೋಡೆ ನಡುಗಲು ಶುರುವಾಯಿತು. ಕಂಟ್ರೋಲ್ ರೂಮಿನಲ್ಲಿ ಸಭೆ ಸೇರಿತು. ಈ ಸಲದ ಮಳೆಯನ್ನು ಹಿಡಿತ ತಾಳುವುದಿಲ್ಲ ಎಂದು ಫರ್ಜಾನಾ ಕಂಪ್ಯೂಟರ್ ತೆರೆಯ ಮೇಲೆ ನೀರಿನ ಮಟ್ಟದ ಗೆರೆ ತೋರಿಸಿದಳು. ಮಳೆಗೆ ಮುಂಚೆ ಹಳೇ ಹಳ್ಳಕ್ಕೆ ತೂಬು ಪೂರ್ತಿ ತೆಗೆದು, ಒಂದೇ ದಿನದಲ್ಲಿ ಕೆರೆಯ ಬಹುಪಾಲು ಇಳಿಸಬೇಕು. ಮೇಲಿನಿಂದ ಬಂದ ಅಧಿಕಾರಿಯೊಬ್ಬರು ಒಳ್ಳೆಯ ಮಾತಿನ ಮನುಷ್ಯ. ಸಭೆ ಮುಗಿಯುವ ತನಕ ಅವರ ಬಾಯಲ್ಲಿ ಸಾವು ಎಂಬ ಮಾತೇ ಬರಲಿಲ್ಲ. ದೀರ್ಘ ಬಿಡುಗಡೆ ಅಂದರು. ಕಲಾವಿದರ ಸಹಕಾರ ಅಂದರು. ಕಂತುಗಳಲ್ಲಿ ಮಾಡೋಣ, ನಡುವೆ ವಿಶ್ರಾಂತಿ ಕೊಡೋಣ, ಡಾಕ್ಟರು ಪಕ್ಕದಲ್ಲೇ ಇರುತ್ತಾರೆ ಅಂದರು. ಉಜ್ಜಿನಪ್ಪ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಒಂದೇ ಕೇಳಿದ: ಅವತ್ತು ಬಣ್ಣ ಹಚ್ಚಿಕೊಳ್ಳಬಹುದೋ ಇಲ್ಲವೋ. ದಿನದ ಸಾವಿಗೆ ಬಣ್ಣ ಹಚ್ಚುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಮನೆಯಲ್ಲಿ ಹುಲಿಗೆಮ್ಮ ಹೇಳಬೇಕಾದ್ದೆಲ್ಲ ಹೇಳಿದಳು. ತವರೂರಿಗೆ ಹೋಗೋಣ ಅಂದಳು. ಸಗಣಿ ಎರಚಿದವರು ಮುಳುಗಲಿ ಅಂದಳು, ಅಂದ ಕೂಡಲೇ ಎದುರು ಮನೆಯಲ್ಲಿ ಗಂಗವ್ವ ಮೊಮ್ಮಗಳ ತಲೆ ಬಾಚುವುದು ಕಂಡು ಸುಮ್ಮನಾದಳು. ಆತ ಅವಳನ್ನಾದರೂ ಊರು ಬಿಟ್ಟು ಹೋಗು ಎಂದು ಒತ್ತಾಯಿಸಿದ. ಅವಳು ಒಪ್ಪಲಿಲ್ಲ. ನಾ ಇಲ್ಲೇ ನೀರಿನ ಬುಡಕ ಕುಂತಿರ್ತೀನಿ, ಅದನ್ನ ನೆನಸ್ಕೊಂಡಾದ್ರೂ ನೀವು ಎದ್ದು ಬರ್ತೀರಿ ಅಂದಳು.

ಆ ದಿನ ಬೆಳಿಗ್ಗೆ ಆತ ಕನ್ನಡಿ ಮುಂದೆ ಬಹಳ ಹೊತ್ತು ಕೂತು ಬಣ್ಣ ಬರೆದುಕೊಂಡ. ಮಂಡಕ್ಕಿ ಒಗ್ಗರಣೆ ತಿನ್ನಬೇಕು ಅನ್ನಿಸಿದೆ ಅಂದ. ಸಾಯುವ ಮುಂಚೆ ಆತ ಏನೂ ತಿನ್ನುತ್ತಿರಲಿಲ್ಲ, ಹೊಟ್ಟೆ ತುಂಬಿದ್ದರೆ ಉಸಿರು ಕಟ್ಟಲಾಗುವುದಿಲ್ಲ. ಬಂದು ತಿನ್ನಿರಿ, ಮಾಡಿಟ್ಟಿರ್ತೀನಿ ಅಂದಳು ಹುಲಿಗೆಮ್ಮ. ಹೊಸ್ತಿಲಲ್ಲಿ ಆತ ತಿರುಗಿ ನಿಂತ. ಕೆಂಪು ಬಣ್ಣ, ಕಪ್ಪು ಹುಬ್ಬು, ಒಳಗೆ ಅದೇ ಹಳೇ ಕಣ್ಣು.

“ಇವತ್ತು ನಲ್ಲಿ ಕಡೆ ನೋಡಬ್ಯಾಡ ಹುಲಿಗಿ. ಎಷ್ಟೊತ್ತು ಬಂದ್ರೂ ನೋಡಬ್ಯಾಡ.”

“ಮತ್ತೇನ್ ನೋಡ್ಲಿ?”

ಆತ ಬಣ್ಣ ಅಳಿಸದ ಹಾಗೆ ಬೆರಳ ತುದಿಯಿಂದ ಮೀಸೆ ಮುಟ್ಟಿಕೊಂಡು ಹೋದ.

ಕಂಟ್ರೋಲ್ ರೂಮಿನಲ್ಲಿ ಮೊದಲ ಕಂತು ಚೆನ್ನಾಗಿ ಆಯಿತು. ಎದ್ದು ಕೂತು, ಡಾಕ್ಟರಿಗೆ ತಮಾಷೆ ಮಾಡಿದ. ಪುಸ್ತಕದಾಗ ನಾ ವಾರಕ್ಕೊಮ್ಮೆ ಸಾಯ್ತೀನಿ, ನಿಮ್ಮ ಕೈಯಾಗ ದಿನಗೂಲಿ ಆಯ್ತು ನೋಡ್ರಿ ಅಂದ. ಎರಡನೇ ಸಲ ಏಳಲಿಕ್ಕೆ ಹೊತ್ತು ಹಿಡಿಯಿತು. ತುಟಿ ನೀಲಿಯಾಗಿದ್ದು ಬಣ್ಣದೊಳಗೆ ಕಾಣಲಿಲ್ಲ. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಿತು. ಮೇಲಿನ ಹಳ್ಳಿಗಳಲ್ಲಿ ಮಳೆ ಶುರುವಾಗಿದೆ ಎಂದು ಫೋನು ಬಂತು, ಲೆಕ್ಕ ಹಾಕಿದ್ದಕ್ಕಿಂತ ಬಹಳ ಮುಂಚೆ. ತೆರೆಯ ಮೇಲೆ ಗೆರೆ ಕುಣಿಯತೊಡಗಿತು. ಫರ್ಜಾನಾ ತೆರೆಯಿಂದ ಅವನ ಕಡೆ ತಿರುಗಿದಳು. ಕಲಾವಿದನಿಗೆ ಮುಖ ಓದಲಿಕ್ಕೆ ಎಷ್ಟು ಹೊತ್ತು? ಇನ್ನೂ ಏದುಸಿರು ನಿಂತಿರಲಿಲ್ಲ, ಆತ ಎದ್ದು ನಿಂತ.

“ವಿಶ್ರಾಂತಿ ತಗೋರಿ ಅಜ್ಜಾರ,” ಅಂದಳು ಫರ್ಜಾನಾ. “ನಿಮ್ಮ ಕೈ ಮುಗೀತೀನಿ.”

“ಬಣ್ಣ ಒಣಗಾಕತ್ತೈತವಾ. ಆಟ ಮುಗಿಸೋಣ.”

ಆ ಘರ್ಜನೆ ಕೆಳಗೇರಿಯ ತನಕ ಕೇಳಿತಂತೆ. ಆಮೇಲೆ ಆತ ಬಿದ್ದ, ಗುರು ಕಲಿಸಿದ ಹಾಗೆ, ಒಂದು ಕೈ ಎದೆಯ ಮೇಲೆ, ಒಂದು ಕೈ ನೆಲಕ್ಕೆ. ನೀರಿನ ಗೋಡೆ ತಲೆ ಬಾಗಿಸಿ ಮೆಲ್ಲಗೆ ತೂಬಿನ ಕಡೆ ತಿರುಗಿತು. ಹಳ್ಳ ತುಂಬಿ ಹರಿಯಿತು. ಎದೆ ಏರಬೇಕಾದ ಹೊತ್ತು ಬಂದು ಹೋಯಿತು. ಫರ್ಜಾನಾ ಅವನ ಹೆಸರು ಹಿಡಿದು ಕೂಗಿದಳು. ಡಾಕ್ಟರು ಮಂಡಿಯೂರಿ ಅವನ ಎದೆಯ ಮೇಲೆ ಕೈಯಿಟ್ಟರು. ಎದೆ ಒತ್ತಿ ಬಡಿತ ಬಂದರೆ ನೀರು ಅಲ್ಲೇ ನಿಲ್ಲುತ್ತದೆ, ಮೇಲೆ ಮಳೆ ಬರುತ್ತಿದೆ. ಅಧಿಕಾರಿಯ ಕಣ್ಣು ತೆರೆಯ ಮೇಲಿತ್ತು.

“ಒಂದು ಸ್ವಲ್ಪ ತಡೀರಿ ಡಾಕ್ಟ್ರೇ,” ಅಂದರು ಅವರು, ಅದೇ ಒಳ್ಳೆಯ ದನಿಯಲ್ಲಿ.

ಡಾಕ್ಟರು ತಡೆದದ್ದು ಬಹಳ ಹೊತ್ತೇನಲ್ಲ. ಫರ್ಜಾನಾ ಅವರನ್ನು ದೂಡಿ ತಾನೇ ಎದೆ ಒತ್ತತೊಡಗಿದಳು, ಆಮೇಲೆ ಅವರೂ ಒತ್ತಿದರು, ಬೆವರಿಳಿಯುವ ತನಕ ಒತ್ತಿದರು. ಒಳಗಿನ ಬಾವಿಗೆ ಬಿಟ್ಟ ಕೊಡ ಹಗ್ಗ ಕಳಚಿಕೊಂಡಿತ್ತು. ತೆರೆಯ ಮೇಲಿನ ಗೆರೆ ಇಳಿಯುತ್ತಲೇ ಇತ್ತು. ಯಂತ್ರ ನೀರು ಬಿಡುತ್ತಲೇ ಇತ್ತು, ಹುಷಾರಾಗಿ, ಕೊಳದಲ್ಲಿ ಮಕ್ಕಳಿದ್ದಾರೆಂಬಂತೆ.

ಕೆಳಗೇರಿಯಲ್ಲಿ ಮೊದಲು ಅದು ಹಬ್ಬ. ಕೊಡ ತುಂಬಿದವು, ಬಕೀಟು ತುಂಬಿದವು, ಹಂಡೆ ತುಂಬಿತು. ಮದುವೆಗೆ ಬಿಟ್ಟರೆ ಹೊರಗೆ ಬಾರದ ಕೊಪ್ಪರಿಗೆಗಳನ್ನು ಅಟ್ಟದಿಂದ ಇಳಿಸಿ ತುಂಬಿಸಿದರು. ಹುಡುಗರು ಒಬ್ಬರ ಮೇಲೊಬ್ಬರು ಎರಚಿಕೊಂಡರು, ಯಾರೂ ಬೈಯಲಿಲ್ಲ. ಹೆಂಗಸರು ಓಣಿಯಲ್ಲೇ ಕೂತು ತಲೆಗೆ ನೀರು ಹಾಕಿಕೊಂಡರು. ಮೂರು ವರ್ಷದ ಕೊಳೆ ಇತ್ತು. ಆಮೇಲೆ ತುಂಬಲಿಕ್ಕೆ ಪಾತ್ರೆ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ನೀರು ಸುರಿಯುವ ಸದ್ದೊಂದೇ ಉಳಿಯಿತು, ಮನೆ ಮನೆಯ ಮುಂದೆ, ಗಟಾರ ತುಂಬಿ ಓಣಿಯ ಕಲ್ಲುಗಳ ಮೇಲೆ.

ಹುಲಿಗೆಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಮಂಡಕ್ಕಿ ಮೆತ್ತಗಾಗಿತ್ತು. ಆತ ಬೇಡವೆಂದದ್ದನ್ನು ಅವಳು ಬೆಳಗಿನಿಂದ ಮಾಡುತ್ತಿದ್ದಳು, ನಲ್ಲಿಯನ್ನೇ ನೋಡುತ್ತಿದ್ದಳು. ಗಂಗವ್ವ ಒದ್ದೆ ಸೀರೆಯಲ್ಲೇ ಬಂದು ಅವಳ ಪಕ್ಕ ನಿಂತಳು. ಏನೋ ಹೇಳಲಿಕ್ಕೆ ಬಾಯಿ ತೆರೆದು, ಬೇರೇನೋ ಹೇಳಿದಳು.

“ನಿಲ್ಲತೈತಿ ತಗೋ ಅಕ್ಕಾ.”

“ನಿಂದೆಲ್ಲಾ ತುಂಬಿದ್ವಾ ಗಂಗೀ?”

“ತುಂಬಿದ್ವು.”

“ಹೂಂ.”

ಗಂಗವ್ವ ಹುಲಿಗೆಮ್ಮನ ಮನೆಯ ನಲ್ಲಿಯನ್ನು ಬಂದ್ ಮಾಡಲು ಬಗ್ಗಿದಳು. ಆ ಓಣಿಯಲ್ಲಿ ಮೂರು ವರ್ಷ ಯಾರೂ ನಲ್ಲಿ ಬಂದ್ ಮಾಡಿರಲಿಲ್ಲ, ಮಾಡುವ ಅಗತ್ಯವೇ ಬಿದ್ದಿರಲಿಲ್ಲ. ತುಕ್ಕು ಹಿಡಿದ ತಿರುಪು ಅಲ್ಲಾಡಲಿಲ್ಲ. ಅವಳು ಕಲ್ಲೊಂದನ್ನು ತಂದು ಮೆತ್ತಗೆ ಹೊಡೆದಳು, ಮತ್ತೆ ಜೋರಾಗಿ ಹೊಡೆದಳು. ತಿರುಪು ಮುರಿದು ಕೈಗೆ ಬಂತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ನಲ್ಲಿಯ ಬಾಯಿಗೆ ತನ್ನ ಸೆರಗು ತುರುಕಿ, ಎರಡೂ ಕೈಯಿಂದ ಒತ್ತಿ ಹಿಡಿದಳು. ನೀರು ಅವಳ ಬೆರಳ ಸಂದಿಯಿಂದ ಬರುತ್ತಲೇ ಇತ್ತು.